ವಿಭೂತಿ ಹಚ್ಚಿದ ಎಂಜಿನ್ನು

ಈ ಪ್ರಸಂಗಗಳನ್ನು ನನಗೆ ಮೊದಲು ಹೇಳಿದವನು ಸವಳಂಗದ ಡ್ರೈವರ್ ರುದ್ರಣ್ಣ. ಸೋಮವಾರ ಈಶ್ವರನ ದರ್ಶನ ಮುಗಿಸಿ ಗುಡಿಕಟ್ಟೆಯ ಮೇಲೆ ಕೂತರೆ ಅವನ ಬಾಯಿಂದ ಒಂದಾದರೂ ಉದುರುತ್ತಿತ್ತು. ಅನುಮಾನದ ಮನುಷ್ಯನ ಕೈಗೆ ಕಾರು ಸಿಕ್ಕಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಕೊನೆಯದಕ್ಕೆ ಮಾತ್ರ ನಾನೂ ಸಾಕ್ಷಿ.

ಆ ಅನುಮಾನದ ಮನುಷ್ಯ ತ್ಯಾವಣಿಗೆಯ ಅಡಿಕೆ ಸಾಹುಕಾರರು, ನಮ್ಮ ನೆರೆಮನೆಯವರು. ಶಿವಪೂಜೆಯಾಗದೆ ಹನಿ ನೀರು ಮುಟ್ಟದವರು. ಶಿವನೊಬ್ಬನನ್ನು ಬಿಟ್ಟು ಯಾರನ್ನೂ ನಂಬದವರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಮಗಳಿಗೆ ಜಗಳೂರಿನಿಂದ ಒಳ್ಳೆಯ ಸಂಬಂಧ ಬಂತು. ಹುಡುಗನ ಅಪ್ಪ ಸ್ವಂತ ಕಾರಿನಲ್ಲಿ ಬಂದಿಳಿದರು. "ನಾವು ಬಸ್ಸಿನಾಗೆ ಹೋದ್ರೆ ನಾಳೆ ಮಗಳಿಗೆ ಮರ್ಯಾದಿ ಸಿಗ್ತೈತೇನ್ರೀ?" ಅಂತ ಸಾಹುಕಾರರ ಹೆಂಡತಿ ಪಟ್ಟು ಹಿಡಿದರು. ಸಾಹುಕಾರರು ರುದ್ರಣ್ಣನನ್ನು ಕರೆದುಕೊಂಡು ಹಳೇ ಕಾರು ನೋಡಲು ಹೊನ್ನಾಳಿಗೆ ಹೊರಟರು.

೧. ಮೂರನೆಯದು

ಮಾರುವವನು ಬಾನೆಟ್ಟು ಎತ್ತಿ, "ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ರೀ" ಅಂದ.

"ನಾಲ್ಕು ಐತೆ ಅಂತ ಹೆಂಗೆ ನಂಬೋದು?"

ಅವನು ನಾಲ್ಕು ಪ್ಲಗ್ಗು ತೋರಿಸಿದ.

"ಹೊರಗೆ ನಾಲ್ಕು ಬಾಗಿಲು ಇಟ್ಟು ಒಳಗೆ ಮೂರೇ ಕೋಣೆ ಕಟ್ಟಿಸಿದೋರನ್ನ ನಾ ಕಂಡೀನಿ."

ರುದ್ರಣ್ಣ ಎಂಜಿನ್ ಚಾಲೂ ಮಾಡಿ ಒಂದು ಪ್ಲಗ್ಗಿನ ವೈರು ಕಿತ್ತ. ಎಂಜಿನ್ನು ಕುಂಟಿತು. "ನೋಡ್ರಿ, ಒಂದು ನಿಂತಕೂಡ್ಲೆ ಹೆಂಗೆ ಕುಂಟ್ತು! ಅಂದ್ರೆ ಅದು ಐತೆ ಅಂತ." ಎರಡನೆಯದೂ ಹಾಗೇ ಆಯಿತು. ಅಷ್ಟರಲ್ಲಿ ಸಾಹುಕಾರರಿಗೆ ರುದ್ರಣ್ಣನ ಮೇಲೇ ಅನುಮಾನ ಬಂತು. "ನೀನೂ ಅವನೂ ಒಂದಾಗೀರಿ, ಅತ್ತ ಸರಿ" ಅಂತ ಮೂರನೆಯದಕ್ಕೆ ತಾವೇ ಕೈ ಹಾಕಿದರು. ಕರೆಂಟು ಒದ್ದ ರಭಸಕ್ಕೆ ರುಮಾಲು ಹಾರಿ ರಸ್ತೆಗೆ ಬಿತ್ತು. "ಶಿವಶಿವಾ" ಅಂತ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು:

"ಮೂರನೇದು ಐತೆ ಬಿಡು. ನಾಲ್ಕನೇದನ್ನ ಮಾರೋನೇ ಮುಟ್ಟಲಿ."

೨. ಉಸಿರು

ಕಾರು ಮನೆಗೆ ಬಂತು, ಓಡಿಸಲು ರುದ್ರಣ್ಣನೇ ನಿಂತ. ಎಂಜಿನ್ ಓಡುವಾಗ ಗಾಳಿ ಹೋಗುವ ಬಾಯಿಗೆ ಅಂಗೈ ಒಡ್ಡಿದ ಸಾಹುಕಾರರು ಬೆಚ್ಚಿದರು.

"ಒಳಕ್ಕೆ ಎಳೀತೈತಲ್ಲೋ!"

"ಗಾಳಿ ರೀ. ಯಾರೂ ಊದಬೇಕಾಗಿಲ್ಲ, ನಮ್ಮಂಗೇ ತಾನೇ ಉಸಿರು ಎಳಕೊಂತೈತೆ. ಅದಕ್ಕೆ ಪೆಟ್ರೋಲು ಬೆರೀತೈತೆ."

"ಗಾಳಿ ಪುಕ್ಕಟೆ, ಎಷ್ಟು ಬೇಕಾದ್ರೂ ಕುಡೀಲಿ. ಪೆಟ್ರೋಲು ಅದೇ ಕುಡೀತೈತೋ, ಬೇರೆ ಯಾರು ಕುಡೀತಾರೋ, ನಾ ನೋಡ್ಕೊಂತೀನಿ."

ಅಂದಿನಿಂದ ಸಂಜೆಯಾದರೆ ರುದ್ರಣ್ಣನ ಕೈ ಮೂಸುವುದು ಶುರುವಾಯಿತು. ಒಂದು ಸಂಜೆ ಯಾವ ವಾಸನೆಯೂ ಬರಲಿಲ್ಲ. "ಇವತ್ತು ಬರ್ಲಿಲ್ಲಲ್ರೀ, ಸಮಾಧಾನ ಆತಾ?" ಅಂದ.

"ಬಂದ್ರೆ ಕದ್ದೀಯ. ಬರದಿದ್ರೆ ಕದ್ದು ಸೋಪು ಹಚ್ಚೀಯ!"

೩. ಗುರುತು

ನಿಶ್ಚಿತಾರ್ಥ ಹತ್ತಿರ ಬಂದಾಗ ಕಾರು ಹೊಗೆ ಕಾರತೊಡಗಿತು. ಎಂಜಿನ್ ಬಿಚ್ಚಲೇಬೇಕು ಅಂದ ನ್ಯಾಮತಿಯ ಮೆಕ್ಯಾನಿಕ್. ಈ ಕಡೆ ಬಂದಾಗ ಕೆಟ್ಟಿದ್ದ ಜಗಳೂರಿನ ಬೀಗರ ಕಾರೂ ಅವನ ಗ್ಯಾರೇಜಿನಲ್ಲೇ ರಿಪೇರಿಗೆ ನಿಂತಿತ್ತು. "ಎರಡರ ಎಂಜಿನ್ನೂ ಒಂದೇ ತಾಯಿ ಮಕ್ಕಳು ರೀ" ಅಂದ ಮೆಕ್ಯಾನಿಕ್. "ನಿಮ್ಮದು ಮೊದಲನೇದು, ಸಣ್ಣದು. ಬೀಗರದ್ದು ಆಮೇಲೆ ಬಂದದ್ದು, ಸಿಲಿಂಡರಿನ ತೂತು ದೊಡ್ಡದು. ಹೊರಗೆ ನೋಡಾಕೆ ಎರಡೂ ಒಂದೇ."

ಅವನು ಹೇಳಬಾರದಿದ್ದ ಮಾತು ಅದೇ. ಸಾಹುಕಾರರು ಕಣ್ಮುಚ್ಚಿ ಶಿವನನ್ನು ನೆನೆದು, ಎಂಜಿನ್ನಿನ ಪಕ್ಕೆಗೆ ಮೂರು ಬೆರಳಿನ ವಿಭೂತಿ ಎಳೆದರು. ರಕ್ಷೆಗೆ ರಕ್ಷೆ, ಗುರುತಿಗೆ ಗುರುತು.

ಕಾರು ತರಲು ಹೋದಾಗ ಎಂಜಿನ್ನು ಫಳಫಳ ಹೊಳೆಯುತ್ತಿತ್ತು. ವಿಭೂತಿ ಇಲ್ಲ!

"ಸೀಮೆಎಣ್ಣೆಯಾಗೆ ತೊಳೆದೀವಿ ಯಜಮಾನ್ರೆ."

"ತೊಳೆದ್ರೆ ಮಸಿ ಹೋಗ್ಬೇಕು. ಶಿವ ಹೆಂಗೆ ಹೋಗ್ತಾನೋ?"

೪. ತಟ್ಟೆ ಮುಂದೆ

ನಿಶ್ಚಿತಾರ್ಥಕ್ಕೆ ನಾನೂ ಹಿಂದಿನ ಸೀಟಿನಲ್ಲಿದ್ದೆ. ಎದುರುಗೊಳ್ಳಲು ಬಂದು ತಿರುಗಿಕೊಂಡ ಬೀಗರ ಕಾರು ಜಗಳೂರಿನ ಹೊರಗಿನ ಏರಿನಲ್ಲಿ ನಮ್ಮನ್ನು ಹಿಂದಿಕ್ಕಿ ಸರ್ರನೆ ಹೋಯಿತು. ನಮ್ಮದು ಏದುಸಿರು ಬಿಡುತ್ತಿತ್ತು. ಸಾಹುಕಾರರು ನನ್ನ ತೊಡೆ ಚಿವುಟಿದರು. "ನೋಡಿದ್ಯಾ? ಅಲ್ಲಿ ಹೋಗ್ತಿರೋದು ನಮ್ಮ ಎಂಜಿನ್ನು!"

ಬೀಗರ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ತಾಂಬೂಲದ ತಟ್ಟೆ ಮುಂದೆ ಬಂತು. ಸಾಹುಕಾರರು ಕೈ ಹಿಂದಕ್ಕೆ ಕಟ್ಟಿದರು. "ನಮ್ಮ ಎಂಜಿನ್ನು ನಿಮ್ಮ ಕಾರಿನಾಗೆ ಐತೆ. ಅದು ಬರೋಮಟ ನಾ ತಟ್ಟೆ ಮುಟ್ಟಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಾಡಿತು. "ಮಗಳ ಬಾಳು ದೊಡ್ಡದೋ, ಆ ಕಬ್ಬಿಣ ದೊಡ್ಡದೋ?" ಅಂತ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಬೀಗರು ಕೆಂಪಾದರು. ಹುಡುಗಿಯತ್ತ ಒಮ್ಮೆ ನೋಡಿ, ಸಿಟ್ಟು ನುಂಗಿ ಎದ್ದರು.

"ಆತು. ರುದ್ರಣ್ಣ, ಎರಡೂ ಬಿಚ್ಚಪ್ಪ. ನಮ್ಮದನ್ನ ಅವರಿಗೆ ಹಾಕು, ಅವರದ್ದನ್ನ ನಮಗೆ ಹಾಕು. ನಮಗೆ ಹುಡುಗಿ ಬಂದ್ರೆ ಸಾಕು."

ಎಲ್ಲರೂ ಅಂಗಳಕ್ಕೆ ಇಳಿದೆವು. ರುದ್ರಣ್ಣ ನಮ್ಮ ಕಾರಿನ ಬಾನೆಟ್ಟು ಎತ್ತಿ ನಟ್ಟಿಗೆ ಪಾನಾ ಹಚ್ಚಿದ. ಸಾಹುಕಾರರು ಬೀಗರ ಮುಖ ನೋಡಿದರು, ತಮ್ಮ ಎಂಜಿನ್ನು ನೋಡಿದರು, ಮತ್ತೆ ಬೀಗರ ಮುಖ ನೋಡಿದರು. ಥಟ್ಟನೆ ನುಗ್ಗಿ ತಮ್ಮ ಬಾನೆಟ್ಟು ಧಡಾರನೆ ಮುಚ್ಚಿ ಅದರ ಮೇಲೆ ಕೂತೇಬಿಟ್ಟರು.

"ಬ್ಯಾಡ, ಬ್ಯಾಡ! ತಟ್ಟೆ ಇಲ್ಲಿಗೇ ತರ್ರಿ!"

ಬಾನೆಟ್ಟಿನ ಮೇಲೆ ಕೂತೇ ತಾಂಬೂಲ ತೆಗೆದುಕೊಂಡರು. ಆಮೇಲೆ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದರು:

"ಒಂದೇ ಮಾತಿಗೆ ಬದಲಾಯಿಸಾಕೆ ಒಪ್ಪಿದ್ರು, ಕಂಡ್ಯಾ? ನಮ್ಮ ಎಂಜಿನ್ನಿನಾಗೆ ನಮಗೇ ಗೊತ್ತಿಲ್ಲದ ಏನೋ ಐತೆ ಕಣೋ!"

ರುದ್ರಣ್ಣ ಈಗ ಶಿವನ ಪಾದ ಸೇರಿದ್ದಾನೆ. ದೂರದ ದಾರಿಯಲ್ಲಿ ಪಕ್ಕ ಕೂತವರು ತೂಕಡಿಸಿದರೆ ನೀವೂ ಇದನ್ನು ಹೇಳಿ, ಅವರೂ ಇನ್ನೊಬ್ಬರಿಗೆ ದಾಟಿಸಲಿ.