ನಲವತ್ತೆರಡು ಜನರ ದೃಷ್ಟಿ

ರೇಷ್ಮೆ ಹುಳು ಸಾಕುವುದನ್ನು ಆನ್‌ಲೈನಿನಲ್ಲಿ ಕಲಿಯುವುದು ಎಷ್ಟು ಹೊತ್ತಿನ ಕೆಲಸ? ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ನೂಕುನುಗ್ಗಲು ನಿಭಾಯಿಸಿದವನಿಗೆ ಹುಳುಗಳೇನು ಮಹಾ! ಹಾಗೆಂದುಕೊಂಡೇ ಕೋಡಿಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಫೋನ್ ಹಿಡಿದು ಕೂತೆ.

ಕಲಿಯದೆ ವಿಧಿಯಿರಲಿಲ್ಲ. ಹಿಂದಿನ ಬೆಳೆಯಲ್ಲಿ ನಾನು ಹುಳುಮನೆಯೊಳಗೆ ಸೊಳ್ಳೆಬತ್ತಿ ಹಚ್ಚಿಟ್ಟಿದ್ದೆ. ಸೊಳ್ಳೆಗಳು ಬದುಕಿದವು, ಹುಳುಗಳು ಸತ್ತವು. "ಸರ್ಟಿಫಿಕೇಟ್ ತರೋಗಂಟ ಒಳಿಕ್ಕೆ ಕಾಲಿಕ್ಕಂಗಿಲ್ಲ!" ಎಂದು ಹೆಂಡತಿ ಜಯಮ್ಮ ಆಜ್ಞೆ ಹೊರಡಿಸಿದ್ದಳು.

ತರಗತಿಯಲ್ಲಿ ನನ್ನನ್ನು ಬಿಟ್ಟು ನಲವತ್ತೆರಡು ಜನ. ಯಾರಿಗೂ ಯಾರೂ ಗೊತ್ತಿಲ್ಲ. "ನಾವೆಲ್ಲ ಒಂದೇ ಕುಟುಂಬದ ಥರ ಇರಬೇಕು. ನಿಮ್ಮ ನಿಮ್ಮ ಹುಳುಮನೆ ತೋರಿಸಿ" ಎಂದರು ಪಾಠದ ಮೇಡಂ. ಯಾರೂ ಮುಂದೆ ಬರಲಿಲ್ಲ. ಕುಟುಂಬ ಎಂದ ಮೇಲೆ ಮುಚ್ಚುಮರೆ ಏಕೆ? ಆಜ್ಞೆ ಇದ್ದದ್ದು ಕಾಲಿಗೆ, ಕೈಗಲ್ಲ. ಜಗಲಿಗೆ ತೆರೆದುಕೊಂಡಿದ್ದ ಹುಳುಮನೆಯ ಕಿಟಕಿಯೊಳಗೆ ಕೈ ತೂರಿಸಿ, ಸೊಪ್ಪು ಮೇಯುತ್ತಿದ್ದ ಹುಳುಗಳನ್ನು ತಟ್ಟೆ ತಟ್ಟೆಯಾಗಿ ಫೋನಿಗೆ ತೋರಿಸಿದೆ.

"ಅಬ್ಬಾ, ಎಷ್ಟು ದಪ್ಪ ಅವೆ!" ಎಂದಿತು ಕುಟುಂಬ.

ಒಳಗಿದ್ದ ಜಯಮ್ಮ ಚೀರಿದಳು. "ಮೇಯೋ ಹುಳಾವ ಹೊರಗ್ನೋರ್ಗೆ ತೋರುಸ್ಬುಟ್ರಾ? ದೃಷ್ಟಿ ಆಯ್ತದೆ ಕಣ್ರೀ!"

"ಅವರೆಲ್ಲ ಫೋನಲ್ಲಿ ಅವ್ರೆ ಕಣೇ."

"ಫೋನಾಗೆ ಬಂದೋರು ಕಣ್ಣ ಊರ್ನಾಗೆ ಬುಟ್ಟು ಬಂದವ್ರಾ?"

ಉಪ್ಪು, ಒಣಮೆಣಸಿನಕಾಯಿ ತಂದು ತಟ್ಟೆಗಳಿಗೆ ನಿವಾಳಿಸಿದಳು. ಆಮೇಲೆ ದೃಷ್ಟಿ ತಗುಲಿದವರು ಅದಕ್ಕೆ ಮೂರು ಸಲ ಉಗಿಯುವುದು ಪದ್ಧತಿ. "ಹುಳಾ ಉಗಿಯಕ್ಕಾಯ್ತದಾ? ನೋಡ್ದೋರೇ ಉಗೀಲಿ!" ಎಂದು ನನ್ನ ಕೈಯಿಂದ ಫೋನ್ ಕಸಿದುಕೊಂಡು, ಉಪ್ಪು ಮೆಣಸಿನಕಾಯಿಯನ್ನು ಅದರ ಮುಂದೆ ಹಿಡಿದಳು. "ಊಂ, ಎಲ್ಲಾ ಒಟ್ಗೆ!"

ಅದೇ ಗಳಿಗೆಯಲ್ಲಿ, ನಮ್ಮ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದ ಸಾಹೇಬರು ತರಗತಿ ಪರಿಶೀಲಿಸಲು ಪರದೆಯ ಮೇಲೆ ಪ್ರತ್ಯಕ್ಷರಾದರು.

"ಎಲ್ಲರಿಗೂ ನಮಸ್ಕಾ..."

"ಥೂ! ಥೂ! ಥೂ!"

ಒಂದೇ ದನಿ. ಮೇಡಂ ಕೂಡ!

ಸಾಹೇಬರು ಮಾಯವಾದರು. ವಿಚಾರಣೆಯಲ್ಲಿ ಇದಕ್ಕೆಲ್ಲ ಮೂಲ ಯಾರು ಎಂದು ಕೇಳಿದಾಗ, ಕುಟುಂಬ ಒಗ್ಗಟ್ಟಿನಿಂದ ನನ್ನ ಹೆಸರು ಹೇಳಿತು. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಸರ್ಟಿಫಿಕೇಟ್ ಬಂತು.

ಆ ಬೆಳೆಯಲ್ಲಿ ಗೂಡು ಭರ್ಜರಿಯಾಗಿ ಬಂತು. ಅಂದಿನಿಂದ ನಲವತ್ತೆರಡು ಜನಕ್ಕೂ "ಜಯಕ್ಕ" ಬೇಕೇ ಬೇಕು. ದಿನಾ ಬೆಳಿಗ್ಗೆ ಅವಳು ಹುಳುಮನೆಯೊಳಗಿಂದ ಪಾಠ ಮಾಡುತ್ತಾಳೆ, ಅವರು ಕಲಿಯುತ್ತಾರೆ, ಕೊನೆಗೆ ಎಲ್ಲರೂ ಸೇರಿ ಉಗಿಯುತ್ತಾರೆ.

ನಾನು? ಗೋಡೆಯ ಈಚೆ ಜಗಲಿಯಲ್ಲಿ ಕೂತು ನನ್ನದೇ ಮನೆಯ ಹುಳುಗಳನ್ನು ಫೋನಿನಲ್ಲಿ ನೋಡುತ್ತೇನೆ. ಮರೆಯದೆ ಉಗಿಯುತ್ತೇನೆ.