ರುಮಾಲಿನೊಳಗೆ ಉಳಿದ ಗಾಳ

ಹೊಳೆಗೆ ಇಳಿದ ಮನುಷ್ಯನ ದೇಹದಲ್ಲಿ ಒದ್ದೆಯಾಗದ ಭಾಗ ಒಂದೇ ಒಂದು. ಅದು ತಲೆ. ತಲೆಯೂ ಮುಳುಗಿತೆಂದರೆ ಆಮೇಲೆ ಅವನಿಗೆ ಸಾಮಾನಿನ ಗೊಡವೆ ಇರುವುದಿಲ್ಲ. ಆದ್ದರಿಂದ ನೀರಿನಲ್ಲಿ ನಿಂತು ಮೀನು ಹಿಡಿಯುವವನು ತನ್ನ ಸಾಮಾನನ್ನೆಲ್ಲ ತಲೆಯ ಮೇಲೆಯೇ ಇಟ್ಟುಕೊಳ್ಳತಕ್ಕದ್ದು! ಈ ಸಿದ್ಧಾಂತವನ್ನು ಕಂಡುಹಿಡಿದವನು ನಾನು. ಯಾದಗಿರಿಯಲ್ಲಿ ನನಗಿಂತ ಮೊದಲು ಯಾರಿಗೂ ಇದು ಹೊಳೆದಿರಲಿಲ್ಲ. ನನಗೆ ಆದದ್ದನ್ನು ನೋಡಿದ ಮೇಲೆ ಯಾರೂ ಇದರ ತಂಟೆಗೆ ಹೋಗಿಲ್ಲ.

ಆಗ ಏಕೀಕರಣವಾಗಿ ಇನ್ನೂ ಹೊಸದು. ನಾನು ಕಾಲುವೆ ಸರ್ವೆ ಕಚೇರಿಯಲ್ಲಿ ಗುಮಾಸ್ತ. ಉರ್ದುವಿನಲ್ಲಿ ಬರೆದು ಪಳಗಿದ ಕೈ ಕನ್ನಡದಲ್ಲಿ ಟಿಪ್ಪಣಿ ಬರೆಯುವುದನ್ನು ಕಲಿಯುತ್ತಿತ್ತು. ನಿಜಾಮರ ಕಾಲದಲ್ಲಿ ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ರೂಮಿ ಟೋಪಿ ಅಟ್ಟ ಸೇರಿತ್ತು, ಅದರಲ್ಲಿ ಇಲಿ ಮರಿ ಹಾಕಿತ್ತು. ಆ ಬೇಸಿಗೆಯಲ್ಲಿ ಮೈಸೂರು ಕಡೆಯಿಂದ ಒಬ್ಬ ಇಂಜಿನಿಯರು ನಮ್ಮ ಕಚೇರಿಗೆ ವರ್ಗವಾಗಿ ಬಂದರು. ಒಳ್ಳೆಯ ಮನುಷ್ಯ. ಗುಮಾಸ್ತನಿಗೂ ‘ದಯವಿಟ್ಟು’ ಎನ್ನುವರು. ಹಾಗೆ ಅನ್ನಿಸಿಕೊಂಡು ಅಭ್ಯಾಸವಿಲ್ಲದ ನಾನು ಮೊದಲ ದಿನವೇ ಅವರಿಗೆ ಮಾರುಹೋದೆ.

ಸಾಹೇಬರಿಗೆ ಒಂದೇ ಹುಚ್ಚು. ಪ್ರತಿ ಭಾನುವಾರ ಭೀಮಾ ಹೊಳೆಯಲ್ಲಿ ಸೊಂಟದ ಮಟ ನೀರಿಗೆ ಇಳಿದು ಮೀನು ಹಿಡಿಯುವುದು. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಸಣ್ಣ ಗಾಳಕ್ಕೆ ಹುಂಜದ ಪುಕ್ಕ ಕಟ್ಟಿ, ನೊಣದ ಹಾಗೆ ಮಾಡಿ, ಉದ್ದನೆಯ ಬಳುಕುವ ಕೋಲಿನಿಂದ ಅದನ್ನು ನೀರಿನ ಮೇಲೆ ಮೆಲ್ಲಗೆ ಬೀಳಿಸುವರು. ಮೀನು ಮೋಸಹೋಗಿ ಕಚ್ಚಿದರೆ ಅದನ್ನು ಎತ್ತಿ, ಪ್ರೀತಿಯಿಂದ ನೋಡಿ, ಮತ್ತೆ ನೀರಿಗೇ ಬಿಡುವರು! ಹೀಗೆ ಬಿಡುವುದನ್ನು ನೋಡಲೆಂದೇ ದಂಡೆಯಲ್ಲಿ ಜನ ಕೂಡುತ್ತಿದ್ದರು. ಸರ್ಕಾರದ ಸಂಬಳ ತಗೊಂಡು ಮೀನಿಗೆ ನೊಣ ತೋರಿಸುವ ಕೆಲಸ ಎಂದು ಊರಲ್ಲಿ ನಗುತ್ತಿದ್ದರು. ನಾನು ಮಾತ್ರ ಅವರ ಶಿಷ್ಯನಾದೆ.

ಶಿಷ್ಯನ ಕೆಲಸ ಸಾಮಾನು ಹೊರುವುದು. ಗಾಳದ ಡಬ್ಬಿ, ದಾರದ ಸುರುಳಿ, ಸಣ್ಣ ಕತ್ತರಿ, ಪುಕ್ಕದ ಪೊಟ್ಟಣ, ಇದೆಲ್ಲ ನೀರಿನ ನಡುವೆ ನಿಂತಾಗ ಕೈಗೆ ಸಿಗಬೇಕು, ಒದ್ದೆಯಾಗಕೂಡದು. ಸಾಹೇಬರ ಹತ್ತಿರ ಮೈತುಂಬ ಜೇಬಿದ್ದ ಒಂದು ದಪ್ಪ ಅಂಗಿ ಇತ್ತು. ನಮ್ಮ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಅವರು ನೀರಿನಲ್ಲಿ ನಿಂತೇ ಬೆಂದುಹೋದರು. ಆಗ ನಾನು ಮುಂದೆ ಬಂದೆ.

ಮೊದಲು ಹೆಗಲಿಗೆ ಜೋಳಿಗೆ ಹಾಕಿಕೊಂಡೆ. ಬಗ್ಗಿದಾಗಲೆಲ್ಲ ಅದು ಮುಂದಕ್ಕೆ ಜಾರಿ ಹೊಳೆಯಲ್ಲಿ ಅದ್ದಿ ಬರುತ್ತಿತ್ತು. ಆ ದಿನ ಮನೆಗೆ ಬಂದು ಸುರಿದರೆ ಒಂದು ಏಡಿ ನಡೆದು ಅಡುಗೆಮನೆ ಸೇರಿತು. ಮುಂದಿನ ವಾರ ಎಲೆ-ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಸೊಂಟ ಮುಳುಗಿತು, ಸಂಚಿಯೂ ಮುಳುಗಿತು. ಅದಾದ ವಾರ ಕೊರಳಿಗೆ ಕಟ್ಟಿಕೊಂಡೆ. ಬಿಸಿಲಿಗೆ ಬೆವರಿ ಕೊರಳೆಲ್ಲ ಕೆಂಪಾಗಿ, ಕಚೇರಿಯಲ್ಲಿ ಕುತ್ತಿಗೆ ತಿರುಗಿಸಲಾಗದೆ ಮೂರು ದಿನ ಎಲ್ಲರನ್ನೂ ಓರೆಗಣ್ಣಿನಿಂದ ನೋಡಿದೆ.

ಕೊನೆಗೆ ಉತ್ತರ ಸಿಕ್ಕಿದ್ದು ಸಂತೆಯಲ್ಲಿ. ನಮ್ಮ ಕಡೆಯ ಗಂಡಸು ರುಮಾಲಿನಲ್ಲಿ ಏನು ಇಡುವುದಿಲ್ಲ? ಬೀಡಿ, ಕಡ್ಡಿಪೆಟ್ಟಿಗೆ, ತಂಬಾಕು, ಕೋರ್ಟಿನ ಕಾಗದ, ಎಲ್ಲವೂ ಆ ಮಡಿಕೆಗಳಲ್ಲೇ. ಬಿಸಿಲಿಗೆ ನೆರಳು, ಸಾಮಾನಿಗೆ ಪೆಟ್ಟಿಗೆ! ಮಡಿಕೆಗಳಲ್ಲಿ ಗಾಳ ಚುಚ್ಚಿ, ಸುತ್ತಿನ ನಡುವೆ ದಾರದ ಸುರುಳಿ ಸಿಕ್ಕಿಸಿದರೆ ಕೈ ಎತ್ತಿದಲ್ಲಿ ಎಲ್ಲ ಸಿಗುತ್ತದೆ. ಸಾಹೇಬರು ಕೇಳಿ ಕಣ್ಣರಳಿಸಿ, ಇದನ್ನು ಇಂಗ್ಲೆಂಡಿನವರಿಗೂ ಬರೆದು ತಿಳಿಸಬೇಕು ಎಂದರು. ಅಷ್ಟು ಸಾಕಾಯಿತು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪರೀಕ್ಷೆಗೆ ಗೊತ್ತುಮಾಡಿದ ಭಾನುವಾರವೇ ನನ್ನ ತಂಗಿ ಸಿದ್ದಮ್ಮನನ್ನು ನೋಡಲು ಸುರಪುರದಿಂದ ಬೀಗರು ಬರುವವರಿದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯನು ನಾನೇ. ಹಿಂದೆ ಒಂದು ಸಂಬಂಧ ಬಾಗಿಲವರೆಗೆ ಬಂದು ಮುರಿದಿತ್ತು. ಈ ಹುಡುಗ ಶಾಲೆ ಮಾಸ್ತರ, ತಂಗಿಯ ಮನಸ್ಸಿಗೆ ಬಂದಿದ್ದ. ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಒಂದು ವಾರದಿಂದ ಅವಳು ಮಾಡಿದ ರೊಟ್ಟಿ ಒಂದೂ ಸೀದಿರಲಿಲ್ಲ, ಅಷ್ಟು ಗಮನ. ಈ ಸಂಬಂಧವೂ ತಪ್ಪಿದರೆ ಅವಳ ಮುಖ ಹೇಗೆ ನೋಡುವುದು ಎಂಬ ಭಯ ನನಗೂ ಇತ್ತು.

ಮನೆಯಲ್ಲಿ ರುಮಾಲು ಇದ್ದದ್ದು ಒಂದೇ, ಅಪ್ಪನದು. ಬೀಗರನ್ನು ಎದುರುಗೊಳ್ಳಲಿಕ್ಕೆಂದು ನನ್ನ ಹೆಂಡತಿ ನೀಲಮ್ಮ ಅದನ್ನು ಒಗೆದು, ಗಂಜಿ ಹಾಕಿ, ಮಡಿಚಿಟ್ಟಿದ್ದಳು. ಬೆಳಗ್ಗೆ ಎದ್ದು ನಾನು ಅದನ್ನು ಸುತ್ತತೊಡಗಿದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಇವತ್ತೊಂದಿನ ಮೀನು ತಮ್ಮಷ್ಟಕ್ಕ ತಾವು ಇರ್ತಾವ. ನೀವು ಹೋಗಬ್ಯಾಡ್ರಿ” ಎಂದಳು.

ಬೀಗರು ಬರುವುದು ಮಧ್ಯಾಹ್ನದ ಬಸ್ಸಿಗೆ, ಅಷ್ಟರಲ್ಲಿ ಬಂದೇ ಬಿಡುತ್ತೇನೆ, ಹೇಗೂ ಸುತ್ತಬೇಕಾದ ರುಮಾಲು ಬೆಳಗಿನಿಂದಲೇ ಸುತ್ತಿಕೊಂಡರೆ ಚೆನ್ನಾಗಿ ಕೂರುತ್ತದೆ ಎಂದು ಹೇಳಿದೆ. ಎಷ್ಟು ತರ್ಕಬದ್ಧವಾಗಿ ಮಾತಾಡಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೊಳೆಯಲ್ಲಿ ರುಮಾಲು ಪರೀಕ್ಷೆಯಲ್ಲಿ ಗೆದ್ದಿತು. ಸಾಹೇಬರು ಕೈ ಚಾಚುವುದು, ನಾನು ತಲೆ ಬಗ್ಗಿಸುವುದು, ಅವರು ಬೇಕಾದ ಗಾಳ ಆರಿಸಿಕೊಳ್ಳುವುದು. ಕೆಂಪು ಪುಕ್ಕ, ಕಂದು ಪುಕ್ಕ, ಕಪ್ಪು ಪುಕ್ಕ ಎಲ್ಲ ನನ್ನ ತಲೆಯ ಸುತ್ತ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಹೊತ್ತು ಏರಿತು. ದಂಡೆಗೆ ಬಂದು ಸಾಹೇಬರು ಒಂದೊಂದೇ ಗಾಳ ಬಿಡಿಸಿ ಡಬ್ಬಿಗೆ ಹಾಕತೊಡಗಿದರು. ಗಾಳಕ್ಕೆ ಹಿಮ್ಮುಖ ಮುಳ್ಳು ಇರುವುದರಿಂದ ಬಟ್ಟೆಯಿಂದ ಅದನ್ನು ಬಿಡಿಸುವುದು ನಿಧಾನದ ಕೆಲಸ. ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಒಂದು ಸಲ ಕೈಯಾಡಿಸಿ, ಎಲ್ಲ ಬಂತು ಎಂದು ಘೋಷಿಸಿ ಮನೆಯ ಕಡೆ ಓಡಿದೆ. ಎಲ್ಲ ಬಂದಿರಲಿಲ್ಲ. ಒಂದು ಗಾಳ ಹಿಂದಿನ ಮಡಿಕೆಯಲ್ಲಿ ಸಡಿಲವಾಗಿ ಉಳಿದಿತ್ತು, ಅದಕ್ಕೆ ಕಟ್ಟಿದ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ದಾರ ರುಮಾಲಿನ ಒಳಸುತ್ತಿಗೆ ಗಂಟುಬಿದ್ದಿತ್ತು.

ಬೀಗರು ಬಸ್ಸಿಗೆ ಕಾಯದೆ ಲಾರಿ ಹಿಡಿದು ಮೊದಲೇ ಬಂದು ಪಡಸಾಲೆಯಲ್ಲಿ ಕೂತುಬಿಟ್ಟಿದ್ದರು. ಹುಡುಗನ ತಂದೆ ಹಣಮಂತರಾಯರು ಭಾರಿ ಆಳು, ಭಾರಿ ಮೀಸೆ, ಅದಕ್ಕಿಂತ ಭಾರಿ ರುಮಾಲು. ಅವರ ರುಮಾಲು ಬಿಚ್ಚಿದ್ದನ್ನು ಅವರ ಹೆಂಡತಿಯೂ ಕಂಡಿಲ್ಲ ಎಂದು ಸುರಪುರದಲ್ಲಿ ಹೇಳುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ನುಗ್ಗಿ ಒದ್ದೆ ಧೋತರ ಬದಲಿಸಿದೆ. ರುಮಾಲು ಬಿಚ್ಚಿ ಒಮ್ಮೆ ಕೊಡವಿ ಸುತ್ತಿಕೊಳ್ಳಿರೆಂದು ನೀಲಮ್ಮ ಒಳಗಿನಿಂದಲೇ ಹೇಳಿದಳು. ಬೀಗರನ್ನು ಕಾಯಿಸಬಾರದು ಎಂದು ಅವಳಿಗೇ ಬುದ್ಧಿ ಹೇಳಿ ಹೊರಗೆ ಬಂದೆ.

ಮಾತಿಗೆ ಕೂರುವ ಮೊದಲು ಎರಡೂ ಮನೆಯ ಹಿರಿಯರು ತಲೆಗೆ ರುಮಾಲು ಇಟ್ಟುಕೊಂಡು ಅಪ್ಪಿಕೊಳ್ಳುವುದು ನಮ್ಮ ಪದ್ಧತಿ. ಈ ಭುಜಕ್ಕೊಮ್ಮೆ, ಆ ಭುಜಕ್ಕೊಮ್ಮೆ. ಈ ಭುಜಕ್ಕೆ ಚೆನ್ನಾಗಿಯೇ ಆಯಿತು. ಆ ಭುಜಕ್ಕೆ ತಲೆ ತಿರುಗಿಸಿದಾಗ ಎಲ್ಲೋ ‘ಚುಕ್’ ಎಂದಂತಾಯಿತು. ನಾನು ಗಮನಿಸಲಿಲ್ಲ. ಅಪ್ಪುಗೆ ಮುಗಿಸಿ, ಕೈ ಮುಗಿದು, ವಿನಯದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಬೀಗರ ರುಮಾಲಿನ ತುದಿ ನನ್ನ ಜೊತೆ ಒಂದು ಹೆಜ್ಜೆ ಬಂದಿತು.

ಅವರು ಗಾಬರಿಯಾಗಿ ನೋಡಿದರು. ಹಿರಿಯರು ಸಿಟ್ಟಾದರೆಂದು ನಾನು ಇನ್ನಷ್ಟು ವಿನಯದಿಂದ ಇನ್ನೊಂದು ಹೆಜ್ಜೆ ಸರಿದೆ. ಒಂದು ಸುತ್ತು ಬಿಚ್ಚಿತು. ತಪ್ಪಾಯಿತೆಂದು ಬಗ್ಗಿ ನಮಸ್ಕರಿಸಿ ಮತ್ತೂ ಸರಿದೆ. ಇನ್ನೆರಡು ಸುತ್ತು! ನಾನು ಎಷ್ಟು ಮರ್ಯಾದೆ ಕೊಟ್ಟೆನೋ ಅವರ ಮರ್ಯಾದೆ ಅಷ್ಟೇ ಬಿಚ್ಚುತ್ತ ಹೋಯಿತು. ನಡುವಿನ ದಾರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ನೋಡುವವರಿಗೆ, ಗಂಡಿನ ತಂದೆಯ ರುಮಾಲು ತಾನಾಗಿಯೇ ಹೆಣ್ಣಿನ ಅಣ್ಣನ ಹಿಂದೆ ಹೊರಟಂತೆ ಕಂಡಿರಬೇಕು. ಕೊನೆಯ ಸುತ್ತು ಬಿಚ್ಚಿದಾಗ ಒಳಗಿನಿಂದ ತಂಬಾಕಿನ ಚೀಲ ಬಿತ್ತು, ಆಮೇಲೆ ಒಂದು ಬಾಚಣಿಗೆ ಬಿತ್ತು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಮೀಸೆಗೆ ಇರಬೇಕು ಎಂದುಕೊಂಡೆ.

ನಗಲಿಲ್ಲ, ದೇವರಾಣೆ. ನಗು ಬರುವ ಹೊತ್ತಲ್ಲ ಅದು. ನಮ್ಮ ಕಡೆ ಗಂಡಸಿನ ತಲೆಯ ರುಮಾಲು ಕೆಡವಿದರೆ ಅವನನ್ನು ಹೊಡೆದದ್ದಕ್ಕಿಂತ ಹೆಚ್ಚು. ಅದರಲ್ಲೂ ಹೆಣ್ಣಿನ ಕಡೆಯವನು, ಹೆಣ್ಣಿನ ಮನೆಯಲ್ಲಿ, ಹೆಣ್ಣು ನೋಡಲು ಬಂದವರದು! ಹಣಮಂತರಾಯರು ಎರಡೂ ಅಂಗೈಯಿಂದ ತಲೆ ಮುಚ್ಚಿಕೊಂಡು ನಿಂತರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾಗಿಬಿಟ್ಟಿದ್ದರು. ತಂಗಿಯ ಬಾಳು ಹಾಳುಮಾಡಿದೆ ಎಂದು ಅನ್ನಿಸಿತು. ಬಾಗಿಲಲ್ಲಿ ಓಣಿಯ ಜನ ಇಣುಕತೊಡಗಿದ್ದರು.

ಅವರನ್ನು ತಳ್ಳಿಕೊಂಡು ಸಾಹೇಬರು ಒಳಗೆ ಬಂದರು. ಡಬ್ಬಿಯಲ್ಲಿ ಒಂದು ಗಾಳ ಕಡಿಮೆಯಿತ್ತಂತೆ. ನಾನು, ನನ್ನ ತಲೆ, ಬೀಗರು, ನೆಲದ ಮೇಲಿನ ರುಮಾಲು ಎಲ್ಲವನ್ನೂ ನೋಡಿದರು. ಅವರಿಗೆ ಕಂಡದ್ದು ಗಾಳ ಮಾತ್ರ.

“ದಯವಿಟ್ಟು ಯಾರೂ ಎಳೀಬೇಡಿ. ಅದು ಇಂಗ್ಲೆಂಡಿನದು” ಎಂದರು.

ನಾನು ಹಿಂದೆ ಸರಿಯುವುದನ್ನು ನಿಲ್ಲಿಸಿದೆ. ಆ ಹೊತ್ತಿನಲ್ಲಿ ನಾನು ಮಾಡಿದ ಏಕೈಕ ಒಳ್ಳೆಯ ಕೆಲಸ ಅದು, ಅದೂ ಗಾಳದ ಸಲುವಾಗಿ.

ಕರೆಯುವವರೆಗೆ ಹೆಣ್ಣು ಹೊರಗೆ ಬರಬಾರದು. ಸಿದ್ದಮ್ಮ ಬಂದಳು. ಹೊಸ ಸೀರೆ, ಕೈಯಲ್ಲಿ ಕತ್ತರಿ. ಮೊದಲು ತಲಬಾಗಿಲು ಮುಚ್ಚಿ ಅಗಳಿ ಹಾಕಿದಳು. ದಾರ ಕತ್ತರಿಸಿದಳು. ಸಾಹೇಬರು “ಅಯ್ಯೋ” ಎಂದರು. ನೆಲದ ಮೇಲಿನ ರುಮಾಲು ಎತ್ತಿ, ತುದಿಗೆ ಸಿಕ್ಕಿದ್ದ ಗಾಳ ಬಿಡಿಸಿ, ಕೊಡವಿ, ಬೀಗರ ಮುಂದೆ ಹೋಗಿ, ಮುಖ ಬೇರೆ ಕಡೆ ತಿರುಗಿಸಿ ನಿಂತು ಕೈ ಮಾತ್ರ ಮುಂದೆ ಚಾಚಿದಳು.

“ಮಾವಾರ, ತುದಿ ನಾ ಹಿಡೀತೀನ್ರಿ, ನೀವು ಸುತ್ತಿಕೊಳ್ರಿ. ನಾ ನೋಡಂಗಿಲ್ಲ” ಎಂದಳು.

ಅವರು ಸುತ್ತಿಕೊಂಡರು. ಅವಳು ಕೊನೆಯವರೆಗೆ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಸುತ್ತಿ ಮುಗಿದ ಮೇಲೆ ಹಣಮಂತರಾಯರು ತಲೆಯ ಮೇಲೊಮ್ಮೆ ಕೈಯಾಡಿಸಿ ನೋಡಿಕೊಂಡರು. ನೀಲಮ್ಮ ತಂದ ನೀರು ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಬೀಗರ, ಈ ಹುಡುಗಿ ನಮ್ಮ ಮನಿಗಿ ಬರಲಿ” ಎಂದರು. ಸ್ವಲ್ಪ ತಡೆದು, “ಇಲ್ಲಿ ಇರೂದು ಬ್ಯಾಡ” ಎಂದರು.

ಸಂಬಂಧ ಕೂಡಿತು! ಮನೆಯವರೆಲ್ಲ ಹಿಗ್ಗಿದರು. ನಾನೂ ಹಿಗ್ಗಲು ನೋಡಿದೆ. ಆದರೆ ಅಣ್ಣ ಕೆಡಿಸಿದ್ದನ್ನು ತಂಗಿ ಸರಿಮಾಡಿ ತನ್ನ ಮದುವೆ ತಾನೇ ಮಾಡಿಕೊಂಡಳು ಎಂಬ ಮಾತು ಸಂಜೆಯೊಳಗೆ ಓಣಿಯನ್ನೆಲ್ಲ ಸುತ್ತಿತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದೇ ಕಷ್ಟ. ಮದುವೆಯ ದಿನ ಬೀಗರ ಅಪ್ಪುಗೆಗೆ ನಮ್ಮ ಸೋದರಮಾವನನ್ನು ನಿಲ್ಲಿಸಿದರು. ನನ್ನನ್ನು ಅನ್ನ ಬೆಂದಿದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ಅಡುಗೆಯ ಕಡೆ ಕಳಿಸಿದರು. ಅನ್ನ ಬೆಳಗ್ಗೆಯೇ ಬೆಂದಿತ್ತು. ಆದರೂ ನಾನು ಅಲ್ಲೇ ನಿಂತು, ಹೊರಗಿನ ವಾದ್ಯದ ಸದ್ದು ಕೇಳುತ್ತ, ಬೆಂದ ಅನ್ನವನ್ನು ನೋಡಿದೆ. ಅಪ್ಪ ಇದ್ದಿದ್ದರೆ ಬೀಗರ ಅಪ್ಪುಗೆಗೆ ನಿಲ್ಲಬೇಕಾದವನು ಅಪ್ಪ, ಇಲ್ಲದಿದ್ದರೆ ನಾನು. ನಾನು ಹಂಡೆಯ ಮುಂದೆ ನಿಂತಿದ್ದೆ.

ಪಂಚಮಿ ಬಂತು. ಹಬ್ಬಕ್ಕೆ ತಂಗಿಯನ್ನು ತವರಿಗೆ ಕರೆತರಲು ಅಣ್ಣನೇ ಹೋಗಬೇಕು, ಅದಕ್ಕೆ ಸೋದರಮಾವ ನಡೆಯುವುದಿಲ್ಲ. ನಾನು ಯಾರಿಗೂ ಅನುಮಾನ ಬಾರದಿರಲೆಂದು ಟೋಪಿಯನ್ನೂ ಹಾಕದೆ, ಬರಿ ತಲೆಯಲ್ಲಿ ಸುರಪುರದ ಬಸ್ಸು ಹತ್ತಿದೆ.

ಹಣಮಂತರಾಯರು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ನನ್ನನ್ನು ದೂರದಿಂದ ಕಂಡರು. ಅವರ ಎರಡೂ ಕೈ ತಾವಾಗಿಯೇ ಎದ್ದು ರುಮಾಲನ್ನು ಹಿಡಿದುಕೊಂಡವು. ಹಾಗೆ ಹಿಡಿದುಕೊಂಡೇ “ಬರ್ರಿ ಬೀಗರ” ಎಂದರು. ನಾನು ಕೈ ಮುಗಿದೆ. ತಿರುಗಿ ಮುಗಿಯಲು ಅವರಿಗೆ ಕೈ ಇರಲಿಲ್ಲ. ಕೂತಿದ್ದವರು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ ನೆಲ ನೋಡತೊಡಗಿದರು.

ಅಷ್ಟರಲ್ಲಿ ಸಿದ್ದಮ್ಮ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಳು. ಮಾವನ ಕೈ ನೋಡಿದಳು, ನನ್ನ ಮುಖ ನೋಡಿದಳು.

“ಮಾವಾರ, ಕೈ ಬಿಡ್ರಿ. ಅಣ್ಣ ಬರಿ ತಲ್ಯಾಗ ಬಂದಾನ” ಎಂದಳು.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಿಧಾನವಾಗಿ ಒಂದು ಕೈ ಬಿಟ್ಟರು.