ಸೊನ್ನೆಗಿಂತ ಕೆಳಗಿಳಿದ ಕಂಪ್ಯೂಟರ್

"ಇನ್ಮೇಲೆ ಈ ಅಂಗಡೀಲಿ ಕಾಯೋದು ಅನ್ನೋದೇ ಇಲ್ಲ!" ಎಂದು ಮರುಳಸಿದ್ದಪ್ಪನವರು ಕಂಪ್ಯೂಟರಿನ ಹಿಂದಿನಿಂದ ತಲೆ ಎತ್ತಿ ಘೋಷಿಸಿದರು. ಮೂಗಿನ ತುದಿಗೆ ಮಸಿ, ಕೈಯಲ್ಲಿ ಸ್ಕ್ರೂಡ್ರೈವರ್, ಮುಖದಲ್ಲಿ ಮದುಮಗನ ಕಳೆ!

ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಮಂಗಳಾ ಡಿ.ಟಿ.ಪಿ. ಸೆಂಟರ್ ಅವರ ಹೆಂಡತಿ ಸರ್ವಮಂಗಳಮ್ಮನವರದು. ಮದುವೆ ಕಾರ್ಡು, ರಜಾ ಅರ್ಜಿ, ತಕರಾರು ಪತ್ರ ಎಲ್ಲವೂ ಅಲ್ಲಿನ ಹದಿನಾಲ್ಕು ವರ್ಷದ ಒಂದೇ ಒಂದು ಕಂಪ್ಯೂಟರಿನಿಂದ ಹೊರಬರಬೇಕು. ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತರಾದ ಮರುಳಸಿದ್ದಪ್ಪನವರಿಗೆ ಬಿಚ್ಚುವುದಕ್ಕೆ ಬೇರೇನೂ ಉಳಿದಿರಲಿಲ್ಲ. ಮಿಕ್ಸಿ ಆಗಿತ್ತು, ಇಸ್ತ್ರಿಪೆಟ್ಟಿಗೆಯೂ ಆಗಿತ್ತು.

"ರೀ, ಚನ್ನವೀರಪ್ಪನ ಮಗಳ ಮದುವೆ ಕಾರ್ಡು ಇವತ್ತು ಆಗ್ಬೇಕು. ಹನ್ನೆರಡು ಗಂಟೆ ಬಸ್ಸಿಗೆ ಪ್ರೂಫು ಹಾಸನದ ಪ್ರೆಸ್ಸಿಗೆ ಹೋಗ್ಬೇಕು. ಇವತ್ತೇ ಬೇಕಿತ್ತಾ ಇದು?"

"ಇವತ್ತೇ ಬೇಕು! ಇಲ್ಲಿ ಕೇಳು. ಇದರ ಮೆಮೊರಿಗೊಂದು ಕೆಟ್ಟ ಚಾಳಿ. ಪ್ರೊಸೆಸರ್ ಏನಾದ್ರೂ ಕೇಳಿದ್ರೆ ತಕ್ಷಣ ಕೊಡಲ್ಲ. ಒಂದು, ಎರಡು ಅಂತ ಒಂಬತ್ತರ ತನಕ ಎಣಿಸಿ ಆಮೇಲೆ ಕೊಡುತ್ತೆ."

"ತೆಂಗಿನಕಾಯಿ ಸುಲ್ಕೊಡಿ ಅಂದ್ರೆ ನೀವೂ ಹಂಗೇ ಅಲ್ವಾ?"

ಮರುಳಸಿದ್ದಪ್ಪನವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಆ ಎಣಿಕೆ ಕಡಿಮೆ ಮಾಡಲು ಅವರು ಹಳೇ ಫ್ಯಾನಿನ ರೆಗ್ಯುಲೇಟರೊಂದನ್ನು ಪೆಟ್ಟಿಗೆಯ ಪಕ್ಕಕ್ಕೆ ಕೂರಿಸಿ, ಸುತ್ತಲೂ ಒಂಬತ್ತರಿಂದ ಸೊನ್ನೆಯವರೆಗೆ ಅಂಕಿ ಬರೆದಿದ್ದರು. ಪ್ರೊಸೆಸರಿನ ವೇಗವನ್ನೂ ಏರಿಸಿದ್ದರು. ಬಿಸಿಯಾಗದಿರಲೆಂದು ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸಿಟ್ಟಿದ್ದರು.

ಏಳಕ್ಕೆ ತಿರುಗಿಸಿದರು. ಐದು ನಿಮಿಷ ಏದುಸಿರು ಬಿಡುತ್ತಿದ್ದ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು! ನಾಲ್ಕಕ್ಕೆ ತಿರುಗಿಸಿದರು. ಕೀಲಿ ಒತ್ತಿದ್ದೇ ತಡ, ಅಕ್ಷರ ಹಾಜರು! ಸರ್ವಮಂಗಳಮ್ಮನವರಿಗೆ ಒಳಗೊಳಗೇ ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ನಾಳೆ ಹೊಲಿಗೆ ಮಿಷನ್ನಿಗೆ ಗಂಡಾಂತರ.

"ಉಪ್ಪಿಟ್ಟು ಆರ್ತಾ ಇದೆ, ಬನ್ನಿ" ಎಂದು ಗಂಡನನ್ನು ಒಳಗೆ ಕಳಿಸಿ ತಾವೂ ಹೊರಟರು. ಕೋಣೆ ಬಿಟ್ಟು ಹೊರಡುವಾಗ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿ ಆರಿಸುವುದು ಅವರಿಗೆ ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಯಿತು. ಟಕ್, ಟಕ್, ಟಕ್, ಟಕ್. ಸೊನ್ನೆ ಬಂತು. ಹಳೇ ರೆಗ್ಯುಲೇಟರಿನ ತಡೆ ಸವೆದುಹೋಗಿತ್ತೋ ಏನೋ, ಇನ್ನೂ ಒಂದು ಸಲ ಟಕ್ ಎಂದಿತು.

ತಿಂಡಿ ಮುಗಿಸಿ ಬಂದಾಗ ಬಸವಲಿಂಗಯ್ಯ ಮೇಷ್ಟ್ರು ಪ್ರಿಂಟರಿನ ಮುಂದೆ ಬೆಪ್ಪಾಗಿ ನಿಂತಿದ್ದರು. ಟೈಪ್ ಮಾಡಿಸಲು ಬಂದಿದ್ದ ರಜಾ ಅರ್ಜಿ ಆಗಲೇ ಅಚ್ಚಾಗಿ ಅವರ ಕೈಯಲ್ಲಿತ್ತು.

"ಅಕ್ಕೋರೇ, ಇದನ್ನ ಯಾರು ಟೈಪ್ ಮಾಡಿದ್ದು? ಮಾವನಿಗೆ ಸೊಂಟ ಹಿಡ್ಕೊಂಡಿದೆ ಅಂತ ಬಂದಿದೆ! ಮಾವ ಅನ್ನೋದೋ, ಸೋದರತ್ತೆ ಅನ್ನೋದೋ ಅಂತ ನಾನಿನ್ನೂ ಯೋಚಿಸ್ತಾನೇ ಇದ್ದೆ!"

"ಯಾವುದು ಅಂತ ತೀರ್ಮಾನ ಮಾಡಿದ್ರಿ ಮೇಷ್ಟ್ರೇ?"

"ಈಗ ಬಂದುಬಿಟ್ಟಿದೆಯಲ್ಲ. ಮಾವನೇ ಇರಲಿ ಬಿಡಿ."

ಮೇಷ್ಟ್ರು ಹೋದ ಮೇಲೆ ಮರುಳಸಿದ್ದಪ್ಪನವರು ರೆಗ್ಯುಲೇಟರ್ ನೋಡಿ ಎರಡೂ ಕೈ ತಲೆ ಮೇಲೆ ಹೊತ್ತರು. "ಸೊನ್ನೆ ದಾಟಿಸಿಬಿಟ್ಟಿದ್ದೀಯಲ್ಲೇ! ಒಂಬತ್ತು ಅಂದ್ರೆ ನಿಧಾನ. ಸೊನ್ನೆ ಅಂದ್ರೆ ಕೇಳಿದ ತಕ್ಷಣ. ಸೊನ್ನೆಗಿಂತ ಕೆಳಗೆ ಅಂದ್ರೆ... ಕೇಳೋಕೆ ಮುಂಚೇನೇ!"

"ಸುಮ್ನಿರಿ ಸಾಕು" ಎಂದು ಸರ್ವಮಂಗಳಮ್ಮ ಕುರ್ಚಿಗೆ ಕೂತರು. ಆದರೂ ಕುತೂಹಲ ಬಿಡಬೇಕಲ್ಲ! ಕೋಸಂಬರಿ ಎಂದು ಟೈಪ್ ಮಾಡೋಣ ಎಂದುಕೊಂಡರು. ಪರದೆಯ ಮೇಲೆ ಆಗಲೇ ಕೋಸಂಬರಿ! ಮೋಸ ಮಾಡೋಣವೆಂದು ಮನಸ್ಸು ಬದಲಿಸಿ ಬದನೆಕಾಯಿ ಎಂದುಕೊಂಡು ನೋಡಿದರೆ, ಕೆಳಗಿನ ಸಾಲಿನಲ್ಲಿ ಅದೂ ತಯಾರು. ಏನೂ ಮಾಡಬಾರದೆಂದು ಕೈ ಮಡಿಲಲ್ಲಿಟ್ಟು ಕೂತರು. ಪರದೆಯೂ ಸುಮ್ಮನೆ ಕೂತಿತು. ಸರ್ವಮಂಗಳಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ರೀ, ಇದನ್ನ ಒಂಬತ್ತಕ್ಕೇ ತಿರುಗಿಸಿ!"

"ತಿರುಗ್ತಿಲ್ಲ ಕಣೇ! ಬಿಸಿಗೆ ಅಂಟ್ಕೊಂಡಿದೆ!"

ಅಷ್ಟರಲ್ಲಿ ಚನ್ನವೀರಪ್ಪ ಚೀಟಿ ಹಿಡಿದು ಬಂದೇಬಿಟ್ಟರು. ಅವರ ಮುಖ ನೋಡಿ ಮಾತಾಡುವುದನ್ನು ಸರ್ವಮಂಗಳಮ್ಮ ಆರು ವರ್ಷದಿಂದ ತಪ್ಪಿಸುತ್ತಲೇ ಬಂದಿದ್ದರು. ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂದು ನೆಂಟರ ಹೆಸರಿನ ಪಟ್ಟಿ ಇರುತ್ತದಲ್ಲ, ಅದರಲ್ಲಿ ಒಂದು ಹೆಸರು ಬಿಟ್ಟರೆ ಸಂಬಂಧವೇ ಮುರಿದುಬೀಳುತ್ತದೆ. ಚನ್ನವೀರಪ್ಪನ ಅಣ್ಣ ರುದ್ರಪ್ಪನ ಮಗನ ಕಾರ್ಡಿನಲ್ಲಿ ಚನ್ನವೀರಪ್ಪನ ಹೆಸರೇ ಇರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ. ಬಿಟ್ಟವರು ಯಾರೆಂದು ಸರ್ವಮಂಗಳಮ್ಮನವರಿಗೆ ಮಾತ್ರ ಗೊತ್ತಿತ್ತು.

"ತಗಳಿ ಅಕ್ಕ, ಹೆಸರು ಎಲ್ಲಾ ಬರೆದಿದೀನಿ" ಎಂದು ಚನ್ನವೀರಪ್ಪ ಚೀಟಿ ಚಾಚಿದರು. ಅದರಲ್ಲಿ ಅಣ್ಣನ ಹೆಸರಿಲ್ಲ.

ಚೀಟಿ ಕೈಗೆ ಬರುವ ಮೊದಲೇ ಪ್ರಿಂಟರ್ ಗರ್ರೆಂದಿತು. ಕಾರ್ಡಿನ ಪ್ರೂಫು ಹೊರಬಿತ್ತು. ಪಟ್ಟಿಯ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ‘ಶ್ರೀ ರುದ್ರಪ್ಪನವರು’!

"ಯಾರು ಹಾಕಿ ಅಂದಿದ್ದು ಇದನ್ನ?" ಚನ್ನವೀರಪ್ಪನ ಮೀಸೆ ಕುಣಿಯಿತು.

"ನೀವೇ! ಅಂದ್ರೆ, ಇನ್ನೂ ಅಂದಿಲ್ಲ. ಆಮೇಲೆ ಅಂತೀರ" ಎಂದು ಮರುಳಸಿದ್ದಪ್ಪನವರು ಉತ್ಸಾಹದಿಂದ ವಿವರಿಸಹೊರಟರು.

"ಪ್ರಾಣ ಹೋದ್ರೂ ಅನ್ನಲ್ಲ!"

ಪ್ರಿಂಟರ್ ಮತ್ತೆ ಗರ್ರೆಂದಿತು. ಈ ಸಲ ಬಂದ ಹಾಳೆಯ ಮೊದಲ ಸಾಲು ಓದಿದ್ದೇ ಸರ್ವಮಂಗಳಮ್ಮ ಅದನ್ನು ಕಸಿಯಲು ಕೈ ಚಾಚಿದರು. ಬಚ್ಚಿಡೋಣವೆಂದರೆ ಚನ್ನವೀರಪ್ಪನ ಕೈಗೆ ಆಗಲೇ ಸಿಕ್ಕಿತ್ತು.

‘ಚನ್ನವೀರಪ್ಪನವರಿಗೆ ನಮಸ್ಕಾರ. ಆ ಕಾರ್ಡಿನಲ್ಲಿ ನಿಮ್ಮ ಹೆಸರು ಬಿಟ್ಟದ್ದು ನಿಮ್ಮ ಅಣ್ಣನಲ್ಲ, ನಾನು. ಕೊನೆಯ ಸಾಲಿಗೆ ಜಾಗ ಸಾಲಲಿಲ್ಲವೆಂದು ಅಳಿಸಿದೆ. ಅಕ್ಷರ ಚಿಕ್ಕದು ಮಾಡಿ ಮತ್ತೆ ಸೇರಿಸಬೇಕೆಂದಿದ್ದೆ. ಮರೆತೆ. ಹೇಳಲು ಧೈರ್ಯವಾಗಲಿಲ್ಲ. ಕ್ಷಮಿಸಿ. ಸರ್ವಮಂಗಳಾ.’

ಇದನ್ನು ಟೈಪ್ ಮಾಡಬೇಕೆಂದು ಆರು ವರ್ಷದಲ್ಲಿ ಎಷ್ಟೋ ಸಲ ಕೂತು, ಒಂದಕ್ಷರವೂ ಒತ್ತದೆ ಎದ್ದಿದ್ದರು. ಈಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಿಜಾನಾ ಅಕ್ಕ?"

"ನಿಜ ಕಣಪ್ಪ."

"ಆರು ವರ್ಷ ಅವನ ಮನೇಲಿ ಒಂದು ಲೋಟ ನೀರು ಕುಡ್ದಿಲ್ಲ ನಾನು!" ಎಂದವರೇ ಚನ್ನವೀರಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಫೋನ್ ಒತ್ತಿದರು. "ಅಣ್ಣಾ, ನಾನು" ಎಂದದ್ದಷ್ಟೇ. ಆ ಕಡೆಯಿಂದ ರುದ್ರಪ್ಪನವರ ಬೈಗುಳ ಅಂಗಡಿಯೊಳಗೂ ಕೇಳಿಸಿತು. "ಒಂದು ಫೋನ್ ಮಾಡೋಕೆ ಆರು ವರ್ಷ ಬೇಕಾಯ್ತೇನೋ ನಿಂಗೆ?" ಬೈಯುತ್ತ ಬೈಯುತ್ತಲೇ ಮದುವೆ ಯಾವತ್ತು ಎಂದೂ ಕೇಳಿದರು.

ಚನ್ನವೀರಪ್ಪ ಟವಲಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಬಂದರು. "ನಿಮ್ಮ ಮೇಲೆ ಸಿಟ್ಟು ಇದ್ದೇ ಇದೆ ಅಕ್ಕ. ಮದುವೆ ಮುಗೀಲಿ, ಬಂದು ಜಗಳ ಆಡ್ತೀನಿ. ಈಗ ಅಣ್ಣನ ಹೆಸರು ಮೊದಲು ಹಾಕಿ."

"ಹಾಕಿದೆ! ಆಗಲೇ ಹಾಕಿದೆ!" ಎಂದು ಮರುಳಸಿದ್ದಪ್ಪನವರು ಪ್ರೂಫು ಎತ್ತಿ ಹಿಡಿದು ಕುಣಿದರು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಚನ್ನವೀರಪ್ಪ ಅದನ್ನು ಕಸಿದುಕೊಂಡು ಬಸ್ಸಿಗೆ ಓಡಿದರು. ಅವರು ಬಸ್ಸು ಹತ್ತುವ ತನಕ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತು ನೋಡಿದರು.

ಪ್ರಿಂಟರ್ ಕೊನೆಯದಾಗಿ ಗರ್ರೆಂದಿತು. ಬಂದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಕಂಪ್ಯೂಟರ್ ಕೆಟ್ಟಿದೆ. ದಯವಿಟ್ಟು ಮುಂದಿನ ವಾರ ಬನ್ನಿ.’

"ಎಲ್ಲಿ ಕೆಟ್ಟಿದೆ? ಬಂಗಾರದ ಹಾಗಿದೆಯಲ್ಲ!" ಎಂದು ಮರುಳಸಿದ್ದಪ್ಪನವರು ಪೆಟ್ಟಿಗೆಯ ತಲೆ ಸವರಿದರು. ಕೈ ಸುಟ್ಟಿತು. ಢಬ್ ಎಂದಿತು. ರೆಗ್ಯುಲೇಟರ್ ಹಾರಿ ಕ್ಯಾಲೆಂಡರಿಗೆ ಬಡಿಯಿತು, ಅಂಗಡಿ ತುಂಬ ಹೊಗೆ!

ಅಷ್ಟರಲ್ಲಿ ಸರ್ವಮಂಗಳಮ್ಮ ಗೋಂದು ಹಚ್ಚಿ ಆ ಹಾಳೆಯನ್ನು ಬಾಗಿಲಿಗೆ ಅಂಟಿಸಿಯೂ ಆಗಿತ್ತು.

"ಪಾಪ" ಎಂದರು ಅವರು, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ನಿಂತಿದ್ದ ಗಂಡನ ಕಡೆ ನೋಡುತ್ತ. "ಮೂವತ್ತು ವರ್ಷದಲ್ಲಿ ಈ ಮನೇಲಿ ಹೇಳೋಕೆ ಮುಂಚೆ ಕೆಲಸ ಮಾಡಿದ್ದು ಅಂದ್ರೆ ಅದೊಂದೇ."